ಔಷಧಿ ಹೊಡೆಯೋ ಮುಂಚೆ ಗರಿ ತಿರುಗಿಸಿ ನೋಡಿ: ಬಿಳಿ ನೊಣದ ವೈರಿ ಅಲ್ಲೇ ಇರಬಹುದು

ತಿಪಟೂರು: ತೆಂಗಿನ ಗರಿಗೆ ಮಸಿ ಬಳಿದ ಹಾಗೆ ಕಾಣ್ತಿದ್ರೆ ತಪ್ಪು ಮೇಲಿನ ಗರಿಯದ್ದು. ಅದರ ಅಡಿಭಾಗದಲ್ಲಿ ಕೂತ ಸುರುಳಿ ಬಿಳಿ ನೊಣ ರಸ ಹೀರಿ ಅಂಟು ಸುರಿಸುತ್ತೆ. ಕೆಳಗಿನ ಗರಿ ಮೇಲೆ ಬಿದ್ದ ಅಂಟಿಗೆ ಕಪ್ಪು ಬೂಷ್ಟು ಹಿಡಿಯುತ್ತೆ, ಬಿಸಿಲು ತಾಗದೆ ಮರ ಸೊರಗುತ್ತೆ. ತೋಟದ ಬಾಳೆ, ಸೀಬೆಯನ್ನೂ ಇದು ಬಿಡಲ್ಲ.

ಮಧ್ಯ ಅಮೆರಿಕ ಕಡೆಯ ಈ ಕೀಟ ನಮ್ಮ ದೇಶದಲ್ಲಿ ಮೊದಲು ಕಂಡಿದ್ದು 2016ರಲ್ಲಿ, ಪೊಲ್ಲಾಚಿ, ಪಾಲಕ್ಕಾಡ್ ಭಾಗದಲ್ಲಿ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು ಆಮೇಲೆ ನಮ್ಮ ಕಾಯಿ ಕುಗ್ಗಿಸಿದ ನುಸಿಯೂ ಹೊರಗಿಂದ ಬಂದದ್ದೇ.

ಕಪ್ಪು ತಲೆ ಹುಳುವಿನ ಕಥೆ ಬೇರೆ. ಅದು ಈ ನೆಲದ್ದು, ಅದನ್ನು ಕೊಲ್ಲೋ ಗೋನಿಯೋಜಸ್ ಕೂಡ ಇಲ್ಲಿನದೇ. ಇಲಾಖೆ ಅದನ್ನೇ ಬೆಳೆಸಿ ತೋಟಕ್ಕೆ ಬಿಡುತ್ತೆ. ಹೊರಗಿನ ಕೀಟಕ್ಕೆ ಇಂಥ ವೈರಿ ಸಿಗೋದು ಕಷ್ಟ. ಬಿಳಿ ನೊಣದ ವಿಷಯದಲ್ಲಿ ಮಾತ್ರ ಅದೃಷ್ಟ ನಮ್ಮದು: ಎನ್ಕಾರ್ಸಿಯಾ ಅನ್ನೋ ಚಿಕ್ಕ ಕಣಜ ಹುಳು ಅದರ ಬೆನ್ನಿಗೇ ಇದೆ. ನೊಣದ ಮರಿಯೊಳಗೇ ಬೆಳೆದು, ಅದನ್ನು ತಿಂದು, ಗುಂಡು ತೂತು ಕೊರೆದು ಹೊರಬರುತ್ತೆ.

2025ರಲ್ಲಿ ಕೊಬ್ಬರಿ ಕ್ವಿಂಟಾಲಿಗೆ 20 ಸಾವಿರ ದಾಟಿದ ಮೇಲೆ ‘ಎಷ್ಟಾದ್ರೂ ಆಗ್ಲಿ, ಹೊಡೆದುಬಿಡೋಣ’ ಅನ್ನೋ ಆಸೆ ಸಹಜ. ಆದರೆ ಜೋರು ಕೀಟನಾಶಕಕ್ಕೆ ಈ ಕಣಜವೂ ಸಾಯುತ್ತೆ, ಮೇಣದ ಪುಡಿ ಹೊದ್ದು ಉಳಿದ ನೊಣ ಮತ್ತೆ ಹೆಚ್ಚುತ್ತೆ. ದುಡ್ಡು ಕೊಟ್ಟು ನೊಣ ಸಾಕಿದ ಹಾಗೆ.

ಕೆಳಗಿನ ಒಂದು ಗರಿ ತಿರುಗಿಸಿ ನೋಡಿ. ಮರಿಗಳ ಮೇಲೆ ಗುಂಡು ತೂತು ಇದ್ರೆ ಆ ಗರಿ ಕಡಿಯಬೇಡಿ, ಸುಡಬೇಡಿ. ಕಾಣದಿದ್ರೆ ಗರಿಯಡಿಗೆ ರಭಸವಾಗಿ ನೀರು ಹೊಡೀರಿ, ಹಳದಿ ಅಂಟು ಹಾಳೆ ಕಟ್ಟಿ. ಬೇವಿನೆಣ್ಣೆ ಆಮೇಲೆ.