ಈ ಮಕ್ಕಳ ನೋವಿಗೂ ಲೆಕ್ಕವಿರಲಿ

ಪ್ಲಾಸ್ಟರ್ ಎಳೆದರೆ ಅದರೊಂದಿಗೆ ಚರ್ಮವೂ ಸುಲಿದು ಬರುವಂಥ ಮಕ್ಕಳಿದ್ದಾರೆ. ‘ಎಪಿಡರ್ಮೊಲೈಸಿಸ್ ಬುಲೋಸಾ’ ಎಂಬುದು ಈ ಆನುವಂಶಿಕ ಕಾಯಿಲೆಯ ಹೆಸರು. ಚರ್ಮದ ಪದರಗಳನ್ನು ಒಂದಕ್ಕೊಂದು ಬಿಗಿದಿಡುವ ಪ್ರೋಟೀನು ಹುಟ್ಟಿನಿಂದಲೇ ದೋಷಪೂರಿತವಾಗಿರುವುದರಿಂದ ಅಲ್ಪ ಘರ್ಷಣೆಗೂ ನೀರ್ಗುಳ್ಳೆಗಳೆದ್ದು ಹುಣ್ಣಾಗುತ್ತವೆ. ಇದು ಅಂಟುರೋಗವಲ್ಲ.

ರೋಗದ ತೀವ್ರ ಬಗೆಯಲ್ಲಿ ಬೆರಳುಗಳು ಕೂಡಿಕೊಳ್ಳುತ್ತವೆ, ಅನ್ನನಾಳ ಕಿರಿದಾಗುತ್ತದೆ. ಅವನ್ನು ಸರಿಪಡಿಸಲು ಮಗುವಿಗೆ ಮತ್ತೆ ಮತ್ತೆ ಅರಿವಳಿಕೆ ಕೊಡಬೇಕಾಗುತ್ತದೆ. ಆಗ ಆಸ್ಪತ್ರೆಯ ನಿತ್ಯದ ಸಲಕರಣೆಗಳೇ ಗಾಯ ಮಾಡಬಲ್ಲವು: ಇಸಿಜಿಯ ಅಂಟುಬಿಲ್ಲೆ, ಸೂಜಿಯನ್ನು ಹಿಡಿದಿಡುವ ಪ್ಲಾಸ್ಟರ್, ಮುಖಕ್ಕೊತ್ತುವ ಮಾಸ್ಕ್. ಬಾಯಿ ಪೂರ್ತಿ ತೆರೆಯಲಾರದ ಮಗುವಿಗೆ ಉಸಿರಿನ ಕೊಳವೆ ಇಳಿಸುವುದೂ ಕಷ್ಟವೇ. ಆದರೆ ಮುನ್ನೆಚ್ಚರಿಕೆಗಳಲ್ಲಿ ಹೆಚ್ಚಿನವು ದುಬಾರಿಯವಲ್ಲ. ಬಿಪಿ ಪಟ್ಟಿಯ ಅಡಿಗೆ ದಪ್ಪನೆಯ ಹತ್ತಿ, ಮಾಸ್ಕಿಗೂ ವೈದ್ಯರ ಕೈಗವಸಿಗೂ ಜಾರುವ ಮುಲಾಮು, ಪ್ಲಾಸ್ಟರಿನ ಬದಲು ಮೆತ್ತನೆಯ ಬಟ್ಟೆಯ ಕಟ್ಟು. ಈ ಚರ್ಮವು ನೇರ ಒತ್ತಡವನ್ನು ತಕ್ಕಮಟ್ಟಿಗೆ ತಾಳುತ್ತದೆ, ಉಜ್ಜುವಿಕೆಯನ್ನು ತಾಳದು. ಆದ್ದರಿಂದಲೇ ಮಗುವನ್ನು ಮೇಜಿನ ಮೇಲೆ ಎಳೆಯಬಾರದು, ಎತ್ತಿ ಇಡಬೇಕು. ಇಷ್ಟನ್ನು ಆಸ್ಪತ್ರೆಯ ಆಯಾಗಳಿಗೂ ಕಲಿಸಬೇಕಾದುದು ಅಗತ್ಯ.

ಶಸ್ತ್ರಚಿಕಿತ್ಸೆ ಅಪರೂಪಕ್ಕೊಮ್ಮೆ, ಡ್ರೆಸಿಂಗ್ ಬದಲಿಸುವ ಯಾತನೆ ನಿತ್ಯದ್ದು. ಅದಕ್ಕೆ ಕೆಲವೊಮ್ಮೆ ಗಂಟೆಗಳೇ ಬೇಕು. ಮುಂಚಿತವಾಗಿ ನೋವುಶಾಮಕ ಕೊಟ್ಟು, ಅಂಟಿದ್ದನ್ನು ನೆನೆಸಿ ಬಿಡಿಸಿದರೆ ನೋವು ತಗ್ಗುತ್ತದೆ. ತೀವ್ರ ನೋವಿಗೆ, ವೈದ್ಯರ ನಿಗಾದಲ್ಲಿ, ಮಾರ್ಫಿನ್ ಇದೆ. ವಿಶ್ವ ಆರೋಗ್ಯ ಸಂಸ್ಥೆಯು ಅದನ್ನು ಮಕ್ಕಳ ಅಗತ್ಯ ಔಷಧಗಳ ಪಟ್ಟಿಯಲ್ಲೇ ಇರಿಸಿದೆ. ನಮ್ಮಲ್ಲಿ 1985ರ ಮಾದಕವಸ್ತು ಕಾಯಿದೆಗೆ 2014ರಲ್ಲಿ ತಿದ್ದುಪಡಿಯಾಗಿ, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಹತ್ತಾರು ಪರವಾನಗಿಗಳಿಗಾಗಿ ಅಲೆಯುವುದು ತಪ್ಪಿತು. ಕಾಯಿದೆ ಸಡಿಲಗೊಂಡ ಮಾತ್ರಕ್ಕೆ ಗುಮಾಸ್ತಿಕೆಯ ಭಯ ಸಡಿಲಗೊಳ್ಳುವುದಿಲ್ಲವೆಂಬುದನ್ನು ಕಡತಗಳ ನಡುವೆ ಬದುಕು ಸವೆಸಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಅಮೆರಿಕದಲ್ಲಿ 2023ರಲ್ಲಿ ಈ ಕಾಯಿಲೆಯ ಒಂದು ಬಗೆಗೆ ಜೀನ್ ಚಿಕಿತ್ಸೆಯ ಲೇಪನವೊಂದು ಅನುಮತಿ ಪಡೆಯಿತು. ಸ್ವಾಗತಾರ್ಹವೇ, ಆದರೆ ಅದರ ಬೆಲೆ ನಮ್ಮ ಕುಟುಂಬಗಳ ಎಟುಕಿಗೆ ಬಹುದೂರ. ಹುಣ್ಣಿಗೆ ಅಂಟದ ಸಿಲಿಕೋನ್ ಡ್ರೆಸಿಂಗ್ ಕೂಡ ಕೂಲಿಯವರ ಮನೆಗೆ ಹೊರೆಯೇ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂಪಾಯಿಯವರೆಗೆ ಭರಿಸುತ್ತದೆ ನಿಜ, ಆದರೆ ಅದು ಮುಖ್ಯವಾಗಿ ಒಳರೋಗಿಗಳ ಚಿಕಿತ್ಸೆಗೆ. ಈ ಮಗುವಿನ ಖರ್ಚೆಲ್ಲ ಮನೆಯಲ್ಲೇ ಆಗುವಂಥದ್ದು. ಜಿಲ್ಲಾಸ್ಪತ್ರೆಗಳಿಂದ ತಿಂಗಳ ಡ್ರೆಸಿಂಗ್ ಮತ್ತು ನೋವುಶಾಮಕಗಳನ್ನು ಉಚಿತವಾಗಿ ಒದಗಿಸುವಂತೆ ರಾಜ್ಯ ಸರ್ಕಾರ ಆದೇಶ ಹೊರಡಿಸಬಹುದು. ಕಾಯಿಲೆ ವಿರಳವಾದ್ದರಿಂದ ಬೊಕ್ಕಸಕ್ಕೆ ಅದು ಭಾರವಾಗದು.