ಪುರಾಣದ ಬದನೆಕಾಯಿ ಮತ್ತು ನನ್ನ ಭಾಷಣ

ದೆಹಲಿಯಲ್ಲಿ ಅಕ್ಟೋಬರ್ ಕೊನೆ ಬಂತೆಂದರೆ ಎರಡು ಸಂಗತಿ ಖಚಿತ. ಒಂದು, ಗಂಟಲು ಕೆರೆಯುವ ಹೊಗೆ. ಇನ್ನೊಂದು, ಸರ್ಕಾರಿ ಕಚೇರಿ ಹಾಗೂ ಸಾರ್ವಜನಿಕ ಉದ್ಯಮಗಳ ಗೇಟಿಗೆ ಕಟ್ಟಿದ ಜಾಗೃತಿ ಅರಿವು ಸಪ್ತಾಹದ ಬ್ಯಾನರು. ಸರ್ದಾರ್ ಪಟೇಲರ ಜನ್ಮದಿನ ಅಕ್ಟೋಬರ್ 31. ಅದರ ಆಸುಪಾಸಿನಲ್ಲಿ ಕೇಂದ್ರ ಜಾಗೃತ ಆಯೋಗ ಪ್ರತಿವರ್ಷ ನಡೆಸುವ ಈ ವಾರದಲ್ಲಿ ಪ್ರಾಮಾಣಿಕತೆಯ ಪ್ರತಿಜ್ಞೆ, ಪ್ರಬಂಧ ಸ್ಪರ್ಧೆ, ಕೊನೆಗೆ ಒಬ್ಬ ಹಿರಿಯ ಅಧಿಕಾರಿಯ ನೀತಿ ಭಾಷಣ ಇರುತ್ತವೆ. ನೊಯಿಡಾದ ನಮ್ಮ ಕಚೇರಿಯಲ್ಲಿ ಕೆಲವು ವರ್ಷಗಳ ಹಿಂದೆ ಆ ಹಿರಿಯ ಅಧಿಕಾರಿ ನಾನೇ ಆಗಿದ್ದೆ.

ಎರಡು ರಾತ್ರಿ ಕೂತು ಸಿದ್ಧ ಮಾಡಿಕೊಂಡಿದ್ದೆ. ಗಾಂಧೀಜಿಯವರದು ಮೂರು, ವಿವೇಕಾನಂದರದು ಎರಡು, ಕಬೀರನ ದೋಹೆ ಒಂದು, ನಡುವೆ ನಗಿಸಲಿಕ್ಕೆಂದು ಮಾರ್ಕ್ ಟ್ವೈನ್. ಎಲ್ಲ ಮೊಬೈಲಿನಲ್ಲೇ ಸಿಕ್ಕಿದ್ದವು. ಚಪ್ಪಾಳೆ ಬಿತ್ತು. ಸಮೋಸ ಹಂಚುವಾಗ ನಮ್ಮ ಕಚೇರಿಗೆ ಗುತ್ತಿಗೆಯ ಮೇಲೆ ಕಾರು ಓಡಿಸುತ್ತಿದ್ದ ಚಾಲಕ ಹತ್ತಿರ ಬಂದು, ‘ಸಾಹೇಬರೇ, ಭಾಷಣ ಬಹಳ ಚೆನ್ನಾಗಿತ್ತು. ನನ್ನ ಓವರ್‌ಟೈಮ್ ಕಾಗದ ನಿಮ್ಮ ಮೇಜಿನ ಮೇಲೇ ಇದೆ. ಇಪ್ಪತ್ತು ದಿನ ಆಯ್ತು’ ಎಂದ. ಅವನ ದನಿಯಲ್ಲಿ ವ್ಯಂಗ್ಯ ಇರಲಿಲ್ಲ. ಸಾಹೇಬರು ಒಳ್ಳೆಯ ಮನಸ್ಸಿನಲ್ಲಿದ್ದಾರೆ, ಕೇಳಲು ಇದೇ ಸಮಯ ಎಂದುಕೊಂಡಿದ್ದನಷ್ಟೆ. ನನಗೆ ಸಮೋಸ ಒಳಗಿಳಿಯಲಿಲ್ಲ.

ನಾನು ಯಾರ ಹಣವನ್ನೂ ಮುಟ್ಟಿದವನಲ್ಲ. ಆದರೆ ಒಂದು ಸಹಿ ಹಾಕಲು ಪುರುಸೊತ್ತಿಲ್ಲ ಎಂದು ಒಬ್ಬ ದುಡಿಯುವವನ ಕೂಲಿಯನ್ನು ಇಪ್ಪತ್ತು ದಿನ ಕಟ್ಟಿಟ್ಟುಕೊಂಡಿದ್ದೆ. ಅದೇ ಇಪ್ಪತ್ತು ದಿನಗಳ ಕೊನೆಯ ಎರಡು ರಾತ್ರಿಗಳಲ್ಲಿ ಪ್ರಾಮಾಣಿಕತೆಯ ಬಗ್ಗೆ ಸುಭಾಷಿತ ಹುಡುಕುತ್ತಿದ್ದೆ.

ತಿಪಟೂರಿನಲ್ಲಿ ನಮ್ಮಜ್ಜಿ ಹೇಳುತ್ತಿದ್ದ ಕಥೆ ಅಂದು ನೆನಪಾಯಿತು. ನಿಮಗೂ ಗೊತ್ತಿರುತ್ತದೆ. ಬದನೆಕಾಯಿ ತಿನ್ನಬಾರದು ಎಂದು ಗುಡಿಯಲ್ಲಿ ಪುರಾಣ ಹೇಳಿದ ಪಂಡಿತರು ಮನೆಗೆ ಬಂದರೆ, ಅದನ್ನು ಕೇಳಿದ್ದ ಹೆಂಡತಿ ಮಾಡಿಟ್ಟಿದ್ದ ಎಣ್ಣೆಗಾಯಿಯನ್ನು ಹೊರಗೆ ಚೆಲ್ಲಿಬಿಟ್ಟಿದ್ದಳು. ‘ಅಯ್ಯೋ, ಅದು ಪುರಾಣದ ಬದನೆಕಾಯಿ ಕಣೇ, ಇದು ತಿನ್ನೋ ಬದನೆಕಾಯಿ!’ ಎಂದು ಪಂಡಿತರು ತಲೆ ಚಚ್ಚಿಕೊಂಡರಂತೆ. ನೀತಿ ಭಾಷಣದ ಬಗ್ಗೆ ಇದಕ್ಕಿಂತ ಚುರುಕಾದ ವಿಮರ್ಶೆ ನಾನು ಬೇರೆ ಕಡೆ ಓದಿಲ್ಲ.

ಹಾಗೆಂದು ಭಾಷಣದಲ್ಲಿ ದೊಡ್ಡವರ ಮಾತು ತರುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಈ ಊರಿನಲ್ಲಂತೂ ಬಜೆಟ್ಟಿಗೂ ಸಾಹಿತ್ಯದ ಒಗ್ಗರಣೆ ಬೇಕು. 1991ರ ಜುಲೈನಲ್ಲಿ ಮನಮೋಹನ ಸಿಂಗ್ ವಿಕ್ಟರ್ ಹ್ಯೂಗೊನನ್ನು ತಂದರು. 2020ರಲ್ಲಿ ನಿರ್ಮಲಾ ಸೀತಾರಾಮನ್ ಕಾಶ್ಮೀರಿ ಕವಿ ದೀನಾನಾಥ ಕೌಲರಿಂದ ತಿರುವಳ್ಳುವರ್‌ವರೆಗೆ ಹಲವರನ್ನು ನೆನೆದರು. ಅಂಕಿ ಅಂಶ ಮರೆತುಹೋಗುತ್ತದೆ, ಒಳ್ಳೆಯ ಮಾತು ಉಳಿಯುತ್ತದೆ. ನೀತಿಯ ವಿಷಯದಲ್ಲಿ ಇನ್ನೊಂದು ಅನುಕೂಲವೂ ಇದೆ. ‘ನೀವು ಹೀಗಿರಿ’ ಎಂದು ನೇರವಾಗಿ ಹೇಳುವ ಯೋಗ್ಯತೆ ನಮ್ಮಲ್ಲಿ ಬಹುಮಂದಿಗೆ ಇಲ್ಲ. ಯೋಗ್ಯತೆ ಇದ್ದವರ ಮಾತನ್ನು ಎದುರಿಗಿಟ್ಟು, ಕೇಳುವವರ ಜೊತೆ ನಾವೂ ಅದರ ಕೆಳಗೆ ಕೂರಬಹುದು. ತೊಂದರೆ ಶುರುವಾಗುವುದು ನಾವು ಆ ಮಾತಿನ ಮೇಲೆ ಹತ್ತಿ ನಿಂತಾಗ.

ಚಾಲಕನ ಪ್ರಶ್ನೆಯ ನಂತರ ನಾನು ನನ್ನ ಭಾಷಣವನ್ನೇ ತಪಾಸಣೆ ಮಾಡಿದೆ. ಗಾಂಧೀಜಿಯವರದೆಂದು ಹೇಳಿದ ಮೂರರಲ್ಲಿ ಒಂದು, ಜಗತ್ತಿನಲ್ಲಿ ಬಯಸುವ ಬದಲಾವಣೆ ಮೊದಲು ನಾವಾಗಬೇಕು ಎಂಬ ಅರ್ಥದ್ದು. ಟೀ ಶರ್ಟಿನ ಮೇಲೆ, ಕ್ಯಾಲೆಂಡರಿನ ಮೇಲೆ ಇರುವ ಆ ಚುಟುಕು ರೂಪ ಅವರ ಬರಹಗಳಲ್ಲಿ ಸಿಗುವುದಿಲ್ಲ. ಅದಕ್ಕೆ ಹತ್ತಿರವಾದ ವಿಚಾರವನ್ನು ಅವರು 1913ರಲ್ಲಿ ಬರೆದಿದ್ದರು, ಆದರೆ ಉದ್ದವಾಗಿ, ಬೇರೆ ಮಾತುಗಳಲ್ಲಿ. ಇನ್ನೊಂದು, ಪ್ರಸಿದ್ಧವಾದ ಏಳು ಸಾಮಾಜಿಕ ಪಾಪಗಳ ಪಟ್ಟಿ. ಗಾಂಧೀಜಿ ಅದನ್ನು ‘ಯಂಗ್ ಇಂಡಿಯಾ’ದಲ್ಲಿ 1925ರ ಅಕ್ಟೋಬರ್ 22ರಂದು ಪ್ರಕಟಿಸಿದರು ನಿಜ. ಆದರೆ ಅದು ಸ್ನೇಹಿತರೊಬ್ಬರು ಕಳಿಸಿದ್ದು ಎಂದು ಅವರೇ ಹೇಳಿದ್ದರು. ಅದೇ ವರ್ಷದ ಮಾರ್ಚ್‌ನಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಫ್ರೆಡರಿಕ್ ಲೂಯಿಸ್ ಡೊನಾಲ್ಡ್‌ಸನ್ ಎಂಬ ಪಾದ್ರಿ ಮಾಡಿದ ಉಪದೇಶದಲ್ಲಿ ಅಂಥದೇ ಪಟ್ಟಿ ಇತ್ತು. ತನ್ನದಲ್ಲದ್ದನ್ನು ತನ್ನದಲ್ಲ ಎಂದು ಗಾಂಧೀಜಿ ಹೇಳಿದರು. ನೂರು ವರ್ಷಗಳಿಂದ ನಾವು ಅದನ್ನು ಅವರ ಹೆಸರಿಗೇ ಖಾತೆ ಮಾಡಿಸುತ್ತಿದ್ದೇವೆ! ಸತ್ಯದ ಮೇಲಿನ ಭಾಷಣವನ್ನು ನಾನು ಪರೀಕ್ಷೆ ಮಾಡದ ಮಾತುಗಳಿಂದ ಕಟ್ಟಿದ್ದೆ.

ನಮ್ಮ ಕನ್ನಡದ ಕಥೆಯೂ ಇದೇ. ಬಾಯಿಂದ ಬಾಯಿಗೆ ಬಂದ ತ್ರಿಪದಿಗಳನ್ನು ಉತ್ತಂಗಿ ಚನ್ನಪ್ಪನವರು ಊರೂರು ಅಲೆದು ಕೂಡಿಸಿ 1924ರಲ್ಲಿ ಸರ್ವಜ್ಞನ ವಚನಗಳನ್ನು ಪ್ರಕಟಿಸಿದರು. ಇಂದು ವಾಟ್ಸ್‌ಆ್ಯಪ್‌ನಲ್ಲಿ ಮೂರು ಸಾಲು ಬರೆದು ಕೊನೆಗೆ ಸರ್ವಜ್ಞ ಎಂದು ಅಂಟಿಸಿದರೆ ಸಾಕು. ಉತ್ತರದಲ್ಲಿ ಕಬೀರನ ಪಾಡೂ ಹೀಗೆಯೇ. 1943ರಲ್ಲಿ ಬಂದ ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ ಪುಸ್ತಕವಾಗಿ ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ. ಆದರೂ ತೆರೆದು ನೋಡುವ ಶ್ರಮ ಯಾರಿಗೂ ಬೇಡ.

ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವುದು ಕಾಯಕವೇ ಕೈಲಾಸ ಎಂಬ ಮಾತು. ದೆಹಲಿಯ ಯಾವ ಕನ್ನಡ ವೇದಿಕೆಯಲ್ಲಾದರೂ ಇದು ಬಸವಣ್ಣನವರ ಹೆಸರಿನಲ್ಲೇ ಬರುತ್ತದೆ. ಆದರೆ ಆ ಮಾತಿರುವ ವಚನದ ಅಂಕಿತ ಅಮರೇಶ್ವರಲಿಂಗ. ಅಂದರೆ ಅದು ಆಯ್ದಕ್ಕಿ ಮಾರಯ್ಯನದು. ಬಸವಣ್ಣನವರ ಅಂಕಿತ ಕೂಡಲಸಂಗಮದೇವ ಎಂದು ಶಾಲೆಯ ಮಕ್ಕಳಿಗೂ ಗೊತ್ತು. ವಚನಕಾರರು ಪ್ರತಿ ವಚನದ ಕೊನೆಗೆ ಸಹಿ ಹಾಕಿಯೇ ಹೋಗಿದ್ದಾರೆ, ನಾವು ಓದುವುದಿಲ್ಲ ಅಷ್ಟೆ. ಇದು ಬರೀ ಪಾಂಡಿತ್ಯದ ತಕರಾರಲ್ಲ. ಮಂತ್ರಿಯಾಗಿದ್ದವರು ದುಡಿಮೆ ದೊಡ್ಡದು ಎನ್ನುವುದು ಒಂದು, ನೆಲಕ್ಕೆ ಬಿದ್ದ ಅಕ್ಕಿ ಆಯುವವನು ಹಾಗೆನ್ನುವುದು ಇನ್ನೊಂದು. ಯಾರು ಹೇಳಿದರು ಎಂಬುದು ಬದಲಾದರೆ ಮಾತಿನ ತೂಕವೇ ಬದಲಾಗುತ್ತದೆ.

ಮಾರಯ್ಯನ ಹೆಂಡತಿ ಲಕ್ಕಮ್ಮನ ಕಥೆ ನನಗೆ ಮತ್ತೆ ಸಿಕ್ಕಿದ್ದು ಹೀಗೆ. ಕಲ್ಯಾಣದಲ್ಲಿ ದಿನಾ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ ಗಂಡ ಒಂದು ದಿನ ಮಾಮೂಲಿಗಿಂತ ಹೆಚ್ಚು ತಂದ. ಹೆಚ್ಚಿನದು ನಮ್ಮದಲ್ಲ, ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಎಂದು ಆಕೆ ಕಳಿಸಿದಳು. ಅದು ಕದ್ದ ಅಕ್ಕಿಯಲ್ಲ, ಯಾರೂ ಕೇಳುವವರಿರಲಿಲ್ಲ, ಮನೆಯಲ್ಲಿ ಬಡತನ ಬೇರೆ. ಆದರೂ ವಾಪಸ್ಸು.

ಮರುವರ್ಷ ಮತ್ತೆ ನನ್ನನ್ನೇ ಮಾತಾಡಲು ಹೇಳಿದಾಗ ನಾನು ಒಂದೇ ಕಥೆ ಒಯ್ದೆ. ಮೊದಲು ನನ್ನ ಮೇಜಿನ ಮೇಲಿದ್ದ ಕಾಗದದ ವಿಷಯ ಹೇಳಿದೆ, ಆಮೇಲೆ ಬದನೆಕಾಯಿ, ಕೊನೆಗೆ ಲಕ್ಕಮ್ಮ. ಆಕೆಯ ವಚನವೊಂದನ್ನು ಕನ್ನಡದಲ್ಲೇ ಓದಿ ಹಿಂದಿಯಲ್ಲಿ ಅರ್ಥ ಹೇಳಿದೆ. ಹಿಂದಿ, ಪಂಜಾಬಿ, ಬಂಗಾಳಿ ಜನರ ಸಭೆ ಅದು. ಬದನೆಕಾಯಿಗೆ ನಕ್ಕವರು ಲಕ್ಕಮ್ಮನ ಹೊತ್ತಿಗೆ ಸುಮ್ಮನಾದರು. ಚಪ್ಪಾಳೆ ಹಿಂದಿನ ವರ್ಷಕ್ಕಿಂತ ಕಡಿಮೆ. ಆದರೆ ಸಂಜೆ ಲೆಕ್ಕಪತ್ರ ವಿಭಾಗದ ಸಹೋದ್ಯೋಗಿ ಬಂದು, ತಮ್ಮ ಬಳಿಯೂ ಗುತ್ತಿಗೆಯವರ ನಾಲ್ಕು ಬಿಲ್ಲು ಕೂತಿವೆ, ಇವತ್ತೇ ಮುಗಿಸುತ್ತೇನೆ ಎಂದರು. ಭಾಷಣದಿಂದ ಒಂದು ಕೆಲಸ ಆಗಿದ್ದನ್ನು ನನ್ನ ಇಪ್ಪತ್ತೆರಡು ವರ್ಷಗಳ ನೌಕರಿಯಲ್ಲಿ ನಾನು ಕಂಡದ್ದು ಅದೊಂದೇ ಸಲ.

ಸಪ್ತಾಹ ನಡೆಯುವ ದಿನಗಳಲ್ಲೇ ನಮ್ಮ ರಾಜ್ಯೋತ್ಸವವೂ ಬರುತ್ತದೆ. ದೆಹಲಿಯಾಗಲಿ, ಪುಣೆಯಾಗಲಿ, ದುಬೈಯಾಗಲಿ, ನಿಮ್ಮನ್ನೂ ಯಾರಾದರೂ ಮೈಕ್ ಮುಂದೆ ನಿಲ್ಲಿಸುತ್ತಾರೆ. ನನ್ನ ಅನುಭವದಿಂದ ಮೂರು ಮಾತು ಹೇಳಬಹುದು. ಮೂಲ ಪುಸ್ತಕದಲ್ಲಿ ಕಣ್ಣಾರೆ ಕಾಣದ ಮಾತನ್ನು ಯಾರ ಹೆಸರಿಗೂ ಹಚ್ಚಬೇಡಿ. ಏಳು ಬೇಡ, ಒಂದು ಸಾಕು. ಅದನ್ನು ಅದರ ಹಿಂದಿನ ಬದುಕಿನ ಸಮೇತ ಹೇಳಿ. ನಗಿಸುವ ಮಾತು ಆರಿಸಿದರೆ ಅದರ ಮೊನೆ ಮೊದಲು ನಿಮ್ಮ ಕಡೆಗೇ ಇರಲಿ. ಬೇರೆಯವರನ್ನು ಚುಚ್ಚಿ ನಗಿಸಿದರೆ ಅದು ಕುಹಕ, ತನ್ನನ್ನೇ ಚುಚ್ಚಿಕೊಂಡರೆ ಸಭಿಕರು ತಂತಮ್ಮ ಮೈ ಮುಟ್ಟಿ ನೋಡಿಕೊಳ್ಳುತ್ತಾರೆ.

ಮನೆಯಲ್ಲಿ ಒಂದು ಆಕ್ಷೇಪ ಬಂತು. ‘ನೀತಿ ಹೇಳೋಕೆ ಸಂಪೂರ್ಣ ಶುದ್ಧವಾಗಿರಬೇಕು ಅಂದ್ರೆ ಯಾರೂ ಬಾಯೇ ಬಿಡೋ ಹಾಗಿಲ್ವಲ್ರೀ?’ ಎಂದು ನನ್ನ ಹೆಂಡತಿ ಕೇಳಿದಳು. ನ್ಯಾಯವಾದ ಪ್ರಶ್ನೆ. ಶುದ್ಧವಾಗಿರಬೇಕು ಎಂದು ನಾನೂ ಹೇಳಲಾರೆ. ಆದರೆ ವೇದಿಕೆ ಹತ್ತುವ ಮುಂಚೆ ಮೇಜಿನ ಮೇಲೆ ಏನು ಬಾಕಿ ಇದೆ ಎಂದು ಒಮ್ಮೆ ನೋಡಬಹುದು.

ಆ ಚಾಲಕನ ಕಾಗದಕ್ಕೆ ಅಂದೇ ಸಹಿ ಹಾಕಿದೆ. ಮರುವರ್ಷದ ಭಾಷಣ ಅವನು ಕೇಳಲಿಲ್ಲ. ಅಷ್ಟರಲ್ಲಿ ಗುತ್ತಿಗೆದಾರ ಬದಲಾಗಿ ಹಳೆಯ ಚಾಲಕರೆಲ್ಲ ಹೋಗಿದ್ದರು. ಅವನ ಮಾತನ್ನು ಮಾತ್ರ ನಾನು ಎಲ್ಲ ಕಡೆ ಹೇಳುತ್ತೇನೆ, ಅವನದೆಂದೇ ಹೇಳುತ್ತೇನೆ.