ಮ್ಯಾಮತ್ ಆನಿ ಸತ್ತದ್ದು ಯಾರಿಂದ?

ಮೈತುಂಬ ಕೂದಲ ಇದ್ದ ಮ್ಯಾಮತ್ ಆನಿ ಯಾಕ ನಾಶ ಆದ್ವು ಅಂತ ಕೇಳಿದರ ಎಲ್ಲಾರೂ ಒಂದ ಸಾಲಿನ ಉತ್ತರ ಕೊಡತಾರ. ಹಿಮಯುಗ ಮುಗೀತು, ಸೆಕಿ ತಡಕೊಳ್ಳಲಿಲ್ಲ ಅಂತಾನ ನಮ್ಮ ಮೊಮ್ಮಗ. ನಮ್ಮ ಅಳಿಯಂದ್ರು, "ಇಲ್ಲರಿ, ಮನಷ್ಯಾರ ಬೇಟಿ ಆಡಿ ತಿಂದು ಮುಗಿಸ್ಯಾರ" ಅಂತಾರ. ಎರಡೂ ಅರ್ಧರ್ಧ ಖರೆ. ನನ್ನ ಕೇಳಿದರ, ಒಂದು ಮನಿತನ ಮುಳಗಲಿಕ್ಕೆ ಒಂದ ಕಾರಣ ಅಂತ ಇರಂಗಿಲ್ಲ. ಬರ ಬಿದ್ದ ವರ್ಷನ ಸಾಲದವನೂ ಬಾಗಲಿಗೆ ಬರತಾನ, ಅದ ವರ್ಷ ದುಡಿಯೋ ಮನಷ್ಯಾನೂ ಹಾಸಿಗಿ ಹಿಡೀತಾನ. ಮ್ಯಾಮತ್ ಕಥಿನೂ ಹಂಗ ಅದ ನೋಡ್ರಿ.

ಮೊದಲ ಸೆಕಿ ಮಾತು. ಇವು ಯುರೋಪ್, ಸೈಬೀರಿಯಾ, ಅಲಾಸ್ಕಾದ ಥಂಡಿ ಬಯಲಿನಾಗ ಹುಲ್ಲು ತಿಂದು ಬದುಕಿದ ಪ್ರಾಣಿ. ಕೂದಲ ಕೆಲವು ಕಡೆ ಒಂದು ಮೀಟರ್ ತನಕ ಉದ್ದ, ಚರ್ಮದ ಕೆಳಗ ಮೂರು-ನಾಕು ಇಂಚ್ ಕೊಬ್ಬು, ಮೈಯಾಗಿನ ಕಾವು ಹೋಗಬಾರದು ಅಂತ ಕಿವಿ ಮಾತ್ರ ಸಣ್ಣು. ಸುಮಾರು 11,700 ವರ್ಷದ ಹಿಂದ ಹಿಮಯುಗ ಮುಗೀತು. ಆಗ ಸೆಕಿಗಿಂತ ಹಸಿನ ಹೆಚ್ಚು ಕಾಡಿತು ಅಂತ ನನಗ ಅನಸತದ. ಒಣ ಹುಲ್ಲಗಾವಲ ಹೋಗಿ ಜವಳು, ಪಾಚಿ, ಗಿಡಗಂಟಿ ಬಂತು. ಅಂಥಾ ಭಾರದ ಪ್ರಾಣಿಗೆ ಕಾಲು ಹುಗಿಯೋ ನೆಲದಾಗ ನಡೀಲಿಕ್ಕೂ ತ್ರಾಸು, ತಿನ್ನಲಿಕ್ಕೂ ಇಲ್ಲ.

ಆದರ ಇಲ್ಲೊಂದು ಮಾತದ. ಸುಮಾರು 1,25,000 ವರ್ಷದ ಹಿಂದನೂ ಹಿಂಗ ಒಂದು ಬೆಚ್ಚನ ಕಾಲ ಬಂದಿತ್ತು. ಅದನ್ನ ಈ ಆನಿ ದಾಟಿಕೊಂಡು ಬಂದಾವ. ಆಗ ಉಳದವು ಈ ಸಲ ಯಾಕ ಉಳೀಲಿಲ್ಲ? ಆಗ ಸೈಬೀರಿಯಾದಾಗ ನಮ್ಮಂಥಾ ಮನಷ್ಯಾ ಇರಲಿಲ್ಲ, ಈ ಸಲ ಇದ್ದ. ಅಳಿಯಂದ್ರ ಮಾತಿಗೆ ತೂಕ ಬರೋದು ಇಲ್ಲೆ.

ಉಕ್ರೇನ್ ದೇಶದ ಮೆಝಿರಿಚ್ ಅನ್ನೋ ಊರಾಗ 1965ರಾಗ ಒಬ್ಬ ರೈತ ತನ್ನ ನೆಲಮಾಳಗಿ ಅಗಿಯೋ ಮುಂದ ಮ್ಯಾಮತ್ ದವಡಿ ಎಲಬು ಸಿಕ್ಕಿತು. ಅಗೀತಾ ಹೋದರ ಎಲಬಿನಿಂದ ಕಟ್ಟಿದ ಮನಿನ ಸಿಕ್ಕವು! ಸುಮಾರು 15,000 ವರ್ಷದ ಹಳೇವು. ನಾವು ಕಲ್ಲು ಮಣ್ಣಿನಿಂದ ಗ್ವಾಡಿ ಏರಿಸಿಧಂಗ ಅವರು ದವಡಿ ಮ್ಯಾಲೆ ದವಡಿ ಇಟ್ಟಾರ. ಎಲ್ಲಾ ಎಲಬು ಕೊಂದ ತಂದವಲ್ಲ, ಸತ್ತು ಬಿದ್ದದ್ದನ್ನೂ ಆರಿಸಿ ತಂದಾರ. ಆ ಚಳಿಯೊಳಗ ಕೂಸು-ಕುನ್ನಿ ಕಟಗೊಂಡು ಇದ್ದ ಹೆಣಮಕ್ಕಳನ್ನ ನಾನಂತೂ ಬೈಯಂಗಿಲ್ಲ.

ಆದರ ಹಡಿಯೋ ಲೆಕ್ಕಾ ಹಾಕಿ ನೋಡ್ರಿ, ಇದು ನಮಗ ತಿಳಿಯೋ ಲೆಕ್ಕ. ಮ್ಯಾಮತ್‌ಗೆ ಭಾಳ ಹತ್ತಿರದ ಬಳಗ ಅಂದರ ಆಫ್ರಿಕಾದ ಆನಿ ಅಲ್ಲ, ನಮ್ಮ ನಾಗರಹೊಳಿ, ಬಂಡೀಪುರದಾಗ ಇರೋ ಏಷ್ಯಾದ ಆನಿ. ಆನಿ ಬಸುರು ಸುಮಾರು 22 ತಿಂಗಳು. ಹಡಿಯೋದು ಒಂದ ಮರಿ, ಮುಂದಿನ ಮರಿಗೆ ಮತ್ತ ನಾಕೈದು ವರ್ಷ. ಮ್ಯಾಮತ್‌ದೂ ಹೆಚ್ಚು-ಕಡಿಮಿ ಹಿಂಗ ಇದ್ದಿರಬೇಕು. ಇಂಥಾ ಹಿಂಡಿನಾಗಿಂದ ವರ್ಷಕ್ಕ ಒಂದೋ ಎರಡೋ ಹೆಚ್ಚಿಗಿ ಕೊಂದರೂ ತುಂಬಿ ಬರಂಗಿಲ್ಲ. ಸಾಸಿವಿ ಡಬ್ಬಿಯಾಗ ಕೂಡಿಟ್ಟ ರೊಕ್ಕ ಹಂಗ ಅಲ್ಲೇನು, ಹಾಕೋದು ತಡಾ, ತಗಿಯೋದು ದಿನಾ. ಕೊಂದವರಿಗೂ ತಾವು ಮುಗಸಲಿಕ್ಕೆ ಹತ್ತೇವಿ ಅಂತ ಗೊತ್ತಾಗಿರಲಿಕ್ಕಿಲ್ಲ.

ಇಷ್ಟಕ್ಕ ನಿಲ್ಲಸಿದ್ದರ ಅಳಿಯಂದ್ರ ಗೆದ್ದಂಗ. ಆದರ ಸಮುದ್ರದಾಗಿನ ನಡುಗಡ್ಡಿ ಕಥಿ ಬ್ಯಾರೆನ ಅದ. ಅಲಾಸ್ಕಾ ಬಾಜೂಕ ಸೇಂಟ್ ಪಾಲ್ ಅಂತ ಸಣ್ಣ ನಡುಗಡ್ಡಿ ಅದ. ಅಲ್ಲೆ ಆಗ ಒಬ್ಬ ಮನಷ್ಯಾನೂ ಇರಲಿಲ್ಲ. ಬರ್ಫ ಕರಗಿ ಸಮುದ್ರ ಏರಿತು, ನೆಲ ಸಣ್ಣಾತು, ಸಿಹಿನೀರಿನ ಕೆರಿ ಬತ್ತಕೋತ ಬಂದ್ವು. ಇದ್ದಬದ್ದ ಆನಿ ಎಲ್ಲಾ ಉಳದ ಒಂದೆರಡು ಕೆರಿ ದಂಡಿಗೆ ನೆರದು, ಸುತ್ತಲಿನ ಹುಲ್ಲು ತುಳದು, ಮಣ್ಣು ಕೆರಿಗೆ ಇಳದು ನೀರು ರಾಡಿ ಆತು. ಸುಮಾರು 5,600 ವರ್ಷದ ಹಿಂದ ನೀರಿಲ್ಲದ ಸತ್ತವು. ಸುತ್ತಲೂ ಸಮುದ್ರ, ಕುಡೀಲಿಕ್ಕೆ ಹನಿ ಇಲ್ಲ! ಬ್ಯಾಸಗಿಯಾಗ ಕೊಡಾ ಹೊತ್ತು ತಿರಗಿದ ನಮಗ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲಾದಕ್ಕಿಂತ ಕಡೀಕ ಉಳದವು ರಷ್ಯಾದ ಉತ್ತರಕ್ಕ ಇರೋ ರ‍್ಯಾಂಗೆಲ್ ನಡುಗಡ್ಡಿಯಾಗ. ಇದು ನಮ್ಮ ಧಾರವಾಡ ಜಿಲ್ಲಾಕ್ಕಿಂತ ದೊಡ್ಡದು. ಸುಮಾರು 10,000 ವರ್ಷದ ಹಿಂದ ಸಮುದ್ರ ಏರಿ ದಾರಿ ಕಡೀತು, ಕೆಲವು ಆನಿ ಆ ಕಡೆನ ಉಳದ್ವು. ಅಲ್ಲೆ ವಂಶ ಶುರು ಆದದ್ದು ಹೆಚ್ಚಂದರ ಎಂಟು ಆನಿಯಿಂದ ಅಂತ 2024ರಾಗ ಬಂದ ಸಂಶೋಧನಾ ಹೇಳತದ. ಎಂಟು ಹೋಗಿ 200-300 ಆದ್ವು, ಸುಮಾರು 6,000 ವರ್ಷ ಬಾಳಿದ್ವು. ಹರಪ್ಪದವರು ಇಟ್ಟಂಗಿ ಸುಟ್ಟು ಊರು ಕಟ್ಟೋ ಮುಂದ ಅಲ್ಲೆ ಮ್ಯಾಮತ್ ಇನ್ನೂ ಜೀವಂತ ಇದ್ವು!

ಅಷ್ಟೂ ಆನಿ ಒಂದ ಬಳಗದೊಳಗ ಕೂಡಿ ಬೆಳದ್ವು, ಬ್ಯಾರೆ ದಾರಿ ಇರಲಿಲ್ಲ. ಭಾಳ ಕೆಟ್ಟ ದೋಷ ಇದ್ದವು ಮರಿ ಇದ್ದಾಗನ ಸತ್ತು ಆ ದೋಷ ಕಡಿಮಿ ಆತು. ಆದರ ಸಣ್ಣ ಸಣ್ಣ ದೋಷ ಕೂಡಕೋತ ಹೋದ್ವು, ರೋಗ ತಡಿಯೋ ಶಕ್ತಿನೂ ಒಂದ ನಮೂನಿ ಆತು. ಸೋದರಮಾವಗ ಮಗಳನ್ನ ಕೊಡೋ ಮಾತು ಬಂದಾಗೆಲ್ಲಾ ನಮ್ಮ ಬಳಗದಾಗ, "ಅಷ್ಟ ಮಂದಿ ಆಗ್ಯಾರ, ಯಾರಿಗೆ ಏನಾಗೇದ?" ಅಂತಾರ. ರ‍್ಯಾಂಗೆಲ್ ಆನಿಗೂ 6,000 ವರ್ಷ ಏನೂ ಆಗಿಲ್ಲ ಅಂದಂಗ ಕಾಣತಿತ್ತು. ಯಾರರೆ ಸಿಟ್ಟಾದರೂ ಪರವಾಗಿಲ್ಲ, ಬರದೀನಿ. ಆಮ್ಯಾಲೆ ಸುಮಾರು 4,000 ವರ್ಷದ ಹಿಂದ ಫಕ್ಕನ ಇಲ್ಲದಂಗ ಆದ್ವು. ರೋಗನೋ, ಕೆಟ್ಟ ಹವಾನೋ ಬಂದು ಹೊಡೆದಿರಬೇಕು ಅಂತಾರ ಶೋಧಕರು. ಅಲ್ಲೆ ಮನಷ್ಯಾರ ಇದ್ದ ಗುರ್ತು ಸಿಕ್ಕದ್ದು ಅದಾದ ಮ್ಯಾಲಿಂದು. ಅಳಿಯಂದ್ರ, ಇಲ್ಲೆ ನಿಮ್ಮ ಬೇಟಿ ಇಲ್ಲ ನೋಡ್ರಿ.

ಅಂದಮ್ಯಾಲೆ ನನ್ನ ವಿಚಾರ ಇಷ್ಟ: ಹವಾ ಅವುಗಳ ಜಾಗಾ ಸಣ್ಣ ಮಾಡಿತು, ದೊಡ್ಡ ನೆಲದಾಗ ಉಳದದ್ದನ್ನ ಮನಷ್ಯಾ ಮುಗಸಿದ, ನಡುಗಡ್ಡಿಯಾಗ ಉಳದವಕ್ಕ ಓಡಿಹೋಗಲಿಕ್ಕೆ ಜಾಗಾನ ಇರಲಿಲ್ಲ.

ಈಗ ಇದನ್ನ ಮತ್ತ ಹುಟ್ಟಿಸತೇವಿ ಅಂತ ಅಮೇರಿಕಾದ ಕೊಲೊಸಲ್ ಅನ್ನೋ ಕಂಪನಿ 2021ರಿಂದ ಕೂತದ. 2025ರಾಗ ಉದ್ದ ಕೂದಲಿನ ಇಲಿ ಮಾಡಿ ತೋರಿಸ್ಯಾರ. ಏಷ್ಯಾದ ಆನಿ ಜೀವಕೋಶದಾಗ ಮ್ಯಾಮತ್ ಗುಣ ಸೇರಿಸಿ, ಆನಿ ಹೊಟ್ಟಿಯಾಗಿಟ್ಟು ಹಡಸೋ ವಿಚಾರ ಅವರದು. ನನಗಿದು ಒಟ್ಟ ಬರೋಬ್ಬರಿ ಅನಸಂಗಿಲ್ಲ. 22 ತಿಂಗಳು ಹೊರೋದು ಆ ತಾಯಿ ಆನಿ, ಹೆಸರು ಕಂಪನಿದು. ಆ ತಾಯಿ ಜಾತಿನ ಈಗ ಅಳಿವಿನ ಅಂಚಿನಾಗ ಅದ. ದೇಶದಾಗ ಎಲ್ಲಾಕ್ಕಿಂತ ಹೆಚ್ಚು ಆನಿ ಇರೋದು ನಮ್ಮ ಕರ್ನಾಟಕದಾಗನ, ಆದರೂ ಹಾಸನ, ಕೊಡಗಿನ ಕಾಫಿ ತೋಟದಾಗ ಆನಿಯಿಂದ ಮಂದಿ, ಮಂದಿ ಹಾಕಿದ ಕರೆಂಟ್ ಬೇಲಿಯಿಂದ ಆನಿ ಸಾಯೋದು ನಿಂತಿಲ್ಲ. ಅಂಥಾದ್ರಾಗ ಒಂದು ಹೆಣ್ಣಾನಿ ಹೊಟ್ಟಿಯಾಗ ಎರಡು ವರ್ಷ ತನ್ನ ಮರಿ ಬೆಳಿಯೋದು ಬಿಟ್ಟು ಮ್ಯಾಮತ್ ಬೆಳಿಬೇಕೇನು? ಹುಟ್ಟಿದ ಮರಿಗರೆ ಯಾರು ಗತಿ? ಅದಕ್ಕ ಕಲಿಸಲಿಕ್ಕೆ ಹಿಂಡಿಲ್ಲ, ಹಿರಿ ಹೆಣ್ಣಾನಿ ಇಲ್ಲ, ಆ ಹುಲ್ಲಗಾವಲಂತೂ ಜವಳಾಗಿ ಹೋಗೇದ.